ಕಂಕುಳು ಯಾವ ಇಲಾಖೆಗೆ ಸೇರುತ್ತದೆ?

ದೊಡ್ಡ ಆಸ್ಪತ್ರೆಯ ದೊಡ್ಡ ಖುರ್ಚಿಯಲ್ಲಿ ಕುಳಿತಿರುವ ಮುಖ್ಯ ವೈದ್ಯಾಧಿಕಾರಿಗಳೇ,

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ನಿಮ್ಮ ಆಸ್ಪತ್ರೆಯವರು ನನ್ನ ತಾಯಿಯ ಬಲ ಎದೆಯ ಕ್ಯಾನ್ಸರ್ ಗಡ್ಡೆಯನ್ನು ಎದೆಯ ಸಮೇತ ಕತ್ತರಿಸಿ ತೆಗೆದು ಜೀವ ಉಳಿಸಿದರು. ಅದಕ್ಕೆ ಮೊದಲು ಕೈಮುಗಿಯುತ್ತೇನೆ. ಈ ವಾಕ್ಯದಲ್ಲಿ ಕೊಂಕಿಲ್ಲ, ಹುಡುಕಬೇಡಿ. ಕೊಂಕು ಮುಂದಿನ ವಾಕ್ಯದಿಂದ ಶುರುವಾಗುತ್ತದೆ. ಅಂಥ ಶಸ್ತ್ರಕ್ರಿಯೆ ಮಾಡಬಲ್ಲ ನಿಮ್ಮ ಆಸ್ಪತ್ರೆಗೆ, ಆ ಹೆಂಗಸನ್ನು ಮನೆಗೆ ಕಳಿಸುವಾಗ “ಕಂಕುಳಿಗೆ ಬ್ಲೇಡು ಹಚ್ಚಬ್ಯಾಡವಾ” ಎಂಬ ಮೂರು ಶಬ್ದ ಹೇಳುವ ಶಕ್ತಿ ಮಾತ್ರ ಇರಲಿಲ್ಲ. ಆ ಮೂರು ಶಬ್ದಗಳಿಲ್ಲದ್ದಕ್ಕೆ ನನ್ನ ತಾಯಿಯ ಬಲಗೈ ಹೋಯಿತು. ಗಾಬರಿಯಾಗಬೇಡಿ, ಕೈ ಭುಜಕ್ಕೆ ಅಂಟಿಕೊಂಡೇ ಇದೆ. ಆದರೆ ಅದು ಈಗ ಕೆಲಸ ಮಾಡುವ ಕೈಯಲ್ಲ, ಅವಳು ಹೊತ್ತು ತಿರುಗುವ ಹೊರೆ.

ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರದಲ್ಲಿ ‘ಕಂಕುಳು’ ಎಂಬ ಶಬ್ದ ಹಲವು ಸಲ ಬರಲಿದೆ. ಮರ್ಯಾದಸ್ಥರು ಓದುವ ಪತ್ರಿಕೆಗೆ ಅದು ಒಪ್ಪುವುದಿಲ್ಲವೆಂದು ನಮ್ಮ ಕಾಲೇಜಿನ ಕನ್ನಡ ಮಾಸ್ತರರು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು, ‘ಬಾಹುಮೂಲ’ ಎಂದು ಬರೆಯಲು ಸಲಹೆ ಕೊಟ್ಟರು. ಬಹಳ ಘನವಾದ ಶಬ್ದ. ಹಸ್ತಿನಾಪುರದ ರಾಣಿವಾಸದಲ್ಲಿ ಇದ್ದಿರಬಹುದು. ಬಸವನ ಬಾಗೇವಾಡಿಯಲ್ಲಿ ಯಾರಿಗೂ ಬಾಹುಮೂಲವಿಲ್ಲ. ಇರುವುದು ಕಂಕುಳೇ, ತಲೆಗೆ ಎರಡರಂತೆ. ತಮಗೂ ಎರಡಿವೆ ಎಂಬ ನಂಬಿಕೆಯ ಮೇಲೆ ಮುಂದುವರಿಯುತ್ತೇನೆ.

ನಾವು ಮಣಿಯಾರರು, ಅಂದರೆ ಬಳೆ ತೊಡಿಸುವವರು. ನಾನು ಅಬ್ಬಾ ಎನ್ನುವ ನನ್ನ ತಂದೆ ಫಕೀರಸಾಬರು ಅಂಗಡಿಯಲ್ಲಿ ಕೂರುತ್ತಾರೆ. ತಾಯಿ ಅಬಿದಾ ಬುಟ್ಟಿ ಹೊತ್ತು ಬಾಗೇವಾಡಿಯ ಓಣಿಓಣಿ ತಿರುಗುತ್ತಿದ್ದಳು. ಸಂತೆಯ ದಿನ ಬಸ್ಸು ಹತ್ತಿ ನಾಲತವಾಡಕ್ಕೂ ಹೋಗುತ್ತಿದ್ದಳು. ಬಳೆ ಮಾರುವುದು ಯಾರಿಗಾದರೂ ಬರುತ್ತದೆ, ತೊಡಿಸುವುದು ಬರುವುದಿಲ್ಲ. ಎದುರಿಗೆ ಕುಳಿತವಳ ಕೈಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅವಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಮಲಗಿಸಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅವಳು ಮಾತಾಡುತ್ತಿರುವಾಗಲೇ ಗಾಜಿನ ಬಳೆ ಜಾರಿಸಿಬಿಡಬೇಕು. ನೋವಾಗಬಾರದು, ಗಾಜು ಚುಚ್ಚಬಾರದು. ಹೊಲ ಮಾಡುವ ಹೆಂಗಸರ ಗಟ್ಟಿ ಕೈಗೂ ಅಮ್ಮ ಸಣ್ಣ ಅಳತೆಯ ಬಳೆ ಏರಿಸುತ್ತಿದ್ದಳು. ನನಗೆ ಆ ವಿದ್ಯೆ ಬರಲಿಲ್ಲ. ನನ್ನ ಕೈಗೆ ಕೈ ಕೊಟ್ಟ ಮೊದಲ ಹೆಂಗಸು ಇವತ್ತಿಗೂ ನಮ್ಮ ಓಣಿಯಲ್ಲಿ ಹಾಯುವುದಿಲ್ಲ.

ಶಸ್ತ್ರಕ್ರಿಯೆಯ ಹಿಂದಿನ ದಿನ ನಿಮ್ಮ ವಾರ್ಡಿನ ಆಯಾ ಬಂದು ಅಮ್ಮನ ಕಂಕುಳನ್ನು ಬ್ಲೇಡಿನಿಂದ ಬೋಳಿಸಿದಳು. ಆ ದಿನ ನಾನೇ ಅಮ್ಮನ ಕೈ ಎತ್ತಿ ಹಿಡಿದಿದ್ದೆ. ಮಾನ್ಯರೇ, ದಯವಿಟ್ಟು ಇದನ್ನು ಗುರುತು ಹಾಕಿಕೊಳ್ಳಿ, ಅನಾಹುತದ ಬೀಜ ಇಲ್ಲಿದೆ. ನಮ್ಮಲ್ಲಿ ಕಂಕುಳಿನ ಕೂದಲನ್ನು ನಲವತ್ತು ದಿನ ದಾಟಿ ಬಿಡುವಂತಿಲ್ಲ. ಹೆಂಗಸರು ಒಲೆಯ ಬೂದಿ ಹಚ್ಚಿ ಬೆರಳಿನಿಂದ ಕಿತ್ತುಕೊಳ್ಳುತ್ತಾರೆ. ಬ್ಲೇಡು ಗಂಡಸರ ವಸ್ತು, ನಮ್ಮಮ್ಮ ನಲವತ್ತಾರು ವರ್ಷ ಅದನ್ನು ಮುಟ್ಟಿದವಳಲ್ಲ. ಅವಳ ಮೈಗೆ ಮೊದಲ ಸಲ ಬ್ಲೇಡು ಹಚ್ಚಿದ್ದು ಸರ್ಕಾರ. ಅದೂ ಬಿಳಿ ಗೋಡೆಯ ಕೋಣೆಯಲ್ಲಿ, ಔಷಧದ ವಾಸನೆಯ ನಡುವೆ, ಡಾಕ್ಟರರ ಅಪ್ಪಣೆಯ ಮೇಲೆ. ಇದಕ್ಕಿಂತ ದೊಡ್ಡ ಶಿಫಾರಸು ಯಾವ ವಸ್ತುವಿಗೆ ಸಿಕ್ಕೀತು?

ಮೂರು ವಾರದ ನಂತರ ಮನೆಗೆ ಬಿಟ್ಟರು. ಕೈಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅಮ್ಮನ ವಯಸ್ಸಿತ್ತು, ಜಾತಿಯಿತ್ತು, ತೂಕವಿತ್ತು, ಹಾಸಿಗೆಯ ನಂಬರಿತ್ತು, ರಕ್ತ ಹೆಚ್ಚಿಸುವ ಗುಳಿಗೆಯ ಹೆಸರಿತ್ತು. ಗಡ್ಡೆಯ ಜೊತೆಗೆ ಕಂಕುಳಿನೊಳಗಿನ ಗಂಟುಗಳನ್ನೂ ತೆಗೆದಿದ್ದೇವೆ, ಆದ್ದರಿಂದ ಆ ತೋಳು ಇನ್ನು ಮುಂದೆ ಸಣ್ಣ ಗೀರನ್ನೂ ತಡೆಯಲಾರದು, ನಂಜೇರಿದರೆ ಇಳಿಯದು, ಎಂಬುದು ಇರಲಿಲ್ಲ. ಅಲ್ಲಿಯ ಚರ್ಮಕ್ಕೆ ಸ್ಪರ್ಶವೇ ಇರುವುದಿಲ್ಲ, ಕೊಯ್ದರೂ ಗೊತ್ತಾಗುವುದಿಲ್ಲ, ಎಂಬುದೂ ಇರಲಿಲ್ಲ. ಇವನ್ನೆಲ್ಲ ಬರೆದಿದ್ದರೆ ಗುಳಿಗೆಯ ಹೆಸರಿಗೆ ಜಾಗ ಸಾಲುತ್ತಿರಲಿಲ್ಲವೇನೋ.

ಆಯಾ ಬೋಳಿಸಿದ ದಿನದಿಂದ ಎಣಿಸಿದರೆ ನಲವತ್ತನೇ ದಿನ ರಮಜಾನಿನ ಕೊನೆಗೆ ಬಿತ್ತು. ಹಬ್ಬದ ಸ್ನಾನಕ್ಕೆ ಮೊದಲು ಅಮ್ಮ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ಬಲಗೈ ಕಿವಿಯ ತನಕವೂ ಏಳುತ್ತಿರಲಿಲ್ಲ, ಬೂದಿ ಹಚ್ಚಿ ಕೀಳುವುದು ಆಗದ ಮಾತು. ಅಬ್ಬಾ ಗಡ್ಡ ಕೆರೆದು ಗೋಡೆಯ ಗೂಡಿನಲ್ಲಿಟ್ಟಿದ್ದ ಬ್ಲೇಡನ್ನು ತೆಗೆದುಕೊಂಡಳು. ಆಮೇಲೆ, ಎಲ್ಲ ಮುಗಿದ ಮೇಲೆ, ಯಾಕೆ ಹಾಗೆ ಮಾಡಿದೆ ಎಂದು ನಾನು ಸಿಟ್ಟಿನಿಂದ ಕೇಳಿದಾಗ ಅವಳು ಹೇಳಿದ್ದು ಇಷ್ಟು: “ದವಾಖಾನ್ಯಾಗ ಅವರ ಹಚ್ಚಿದ್ರಲ್ಲವಾ ಸಗೀರಾ. ಡಾಕ್ಟರ್ ಮಂದಿ ಮಾಡಿದ್ದ ತಪ್ಪ ಇರತೈತೇನು?”

ಈ ಪ್ರಶ್ನೆಯನ್ನು ತಮ್ಮ ಕಚೇರಿಗೆ ರವಾನಿಸುತ್ತಿದ್ದೇನೆ.

ಕೊಯ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಒರೆಸಿಕೊಂಡ ಬಟ್ಟೆಯ ಮೇಲೆ ರಕ್ತ ಕಂಡಾಗ ಅರಿಸಿನ ಒತ್ತಿಕೊಂಡು, ಹೊಸ ಕುಪ್ಪಸ ತೊಟ್ಟು ಬಂದು ಎಲ್ಲರಿಗೂ ಹಬ್ಬದ ಪಾಯಸ ಸುರಕುಂಬಾ ಬಡಿಸಿದಳು. ಮೂರನೇ ದಿನ ಮೊಣಕೈ ತನಕ ಕೆಂಪಾಗಿತ್ತು. ನಾನು ಕೇಳಿದರೆ, ಹಾಲು ತಿರುವಿ ತಿರುವಿ ಕೈ ಬಾತಿದೆ ಬಿಡು ಎಂದು ನಕ್ಕಳು. ಸಂಜೆಗೆ ಮೂರು ದುಪ್ಪಡಿ ಹೊದಿಸಿದರೂ ನಡುಗುತ್ತಿದ್ದಳು. ಊರಿನ ಡಾಕ್ಟರರನ್ನು ಕರೆಸಿದೆವು. ಅವರು ಜ್ವರಕ್ಕೆ ಸೂಜಿ ಚುಚ್ಚಿದರು. ಯಾವ ಕೈಗೆ? ಎಡಗೈ ಹೊದಿಕೆಯೊಳಗಿತ್ತು, ಬಲಗೈ ಹೊರಗಿತ್ತು. ಸಿಕ್ಕ ಕೈಗೆ ಚುಚ್ಚಿದರು. ಅವರನ್ನು ಬೈಯಲಾರೆ, ಅವರಿಗೂ ತಾವು ಯಾವ ಕಾಗದವನ್ನೂ ಕಳಿಸಿರಲಿಲ್ಲ.

ಬಳೆಗಾರರ ಮನೆಯಲ್ಲಿ ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ಗಂಡನಿರುವ ಹೆಂಗಸಿನ ಬಳೆಯನ್ನು ಬೇಕೆಂದೇ ಒಡೆಯುವುದಂತೂ ಯಾರೂ ಬಾಯಲ್ಲಿ ಆಡದ ಸಂಗತಿ. ಐದನೇ ದಿನ ಅಮ್ಮನ ಬಲಗೈಯ ಹಸಿರು ಬಳೆಗಳು ಮಾಂಸದೊಳಗೆ ಹುಗಿದುಹೋದವು. ಸಾಬೂನು ಹಚ್ಚಿದೆವು, ಎಣ್ಣೆ ಹಚ್ಚಿದೆವು. ಊರಿನ ಅರ್ಧ ಹೆಂಗಸರಿಗೆ ಬಳೆ ತೊಡಿಸಿದವಳ ಕೈಯಿಂದ ಆರು ಬಳೆ ಹೊರಗೆ ಬರಲಿಲ್ಲ. ಬೆರಳು ನೀಲಿಯಾಗುತ್ತಿದ್ದವು. ಅಬ್ಬಾ ಕೈಯಲ್ಲಿ ಇಕ್ಕಳ ಹಿಡಿದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ.

“ನನ್ನ ಕೈಲೆ ಆಗೂದಿಲ್ಲ,” ಎಂದರು.

“ನೀವು ಕಣ್ಣ ಮುಂದ ನಿಂತೀರಿ, ನನಗ ಯಾತರ ಅಪಶಕುನ,” ಎಂದಳು ಅಮ್ಮ. “ಗಾಜು ಒಳಗ ಹೋಗೂಕಿಂತ ಮುಂಚೆ ತಗೀರಿ.”

ಬಟ್ಟೆ ಸುತ್ತಿ ಒಂದೊಂದಾಗಿ ತೆಗೆದರು. ಆರು ಬಳೆ ಹೆಚ್ಚಿದವು. ಆವತ್ತು ಅಂಗಡಿಯ ಬಾಗಿಲು ಹಾಕಿದ ಅಬ್ಬಾ ಒಂದು ವಾರ ತೆರೆಯಲಿಲ್ಲ.

ಜ್ವರ ಇಳಿಯಿತು, ಕೈ ಇಳಿಯಲಿಲ್ಲ. ಸೊಲ್ಲಾಪುರದ ಕಡೆಯ ಒಬ್ಬ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದೆವು. ಆಕೆ ಕೈಯನ್ನು ಅಳೆದು, ಚೀಟಿಯನ್ನು ಎರಡು ಸಲ ತಿರುವಿ ನೋಡಿದರು. ಮೇಲೆ ಬರೆದದ್ದನ್ನೆಲ್ಲ ನನಗೆ ಕಲಿಸಿದ್ದು ಅವರೇ, ಅರ್ಧ ಗಂಟೆಯಲ್ಲಿ. ಈ ಕೈ ಮೊದಲಿನ ಹಾಗೆ ಆಗುವುದಿಲ್ಲ, ಆದರೆ ಇನ್ನೊಂದು ಸಲ ನಂಜಾಗದಂತೆ ನೋಡಿಕೊಳ್ಳಿ, ಆಗ ಜೀವಕ್ಕೇ ಬಂದೀತು ಎಂದರು. ಕೂದಲು ತೆಗೆಯಲು ಹೊರದೇಶದಲ್ಲಿ ಚರ್ಮ ಕೊಯ್ಯದ ಕರೆಂಟಿನ ಯಂತ್ರ ಬಳಸುತ್ತಾರಂತೆ. ನಮ್ಮ ಮನೆಗೆ ಇನ್ನೂ ಕರೆಂಟು ಬಂದಿಲ್ಲವೆಂದಾಗ, ಹಾಗಾದರೆ ಸಣ್ಣ ಕತ್ತರಿ ಸಾಕು ಎಂದರು. ಮರಳಿ ಬಂದು ಅಬ್ಬಾ ನಮ್ಮ ಮಸೀದಿಯ ಪೇಶಇಮಾಮರನ್ನು ನಾಚಿಕೆ ಬಿಟ್ಟು ಕೇಳಿದರು. ಬೀಮಾರ ಇದ್ದವರ ಮೇಲೆ ಜಬರದಸ್ತಿ ಇಲ್ಲ, ಕತ್ತರಿಯಿಂದ ಸಣ್ಣ ಮಾಡಿದರೂ ಆಯಿತು, ಬಿಟ್ಟರೂ ಆಯಿತು ಎಂಬ ಉತ್ತರ ಒಂದು ಕಪ್ಪು ಚಹ ಕುಡಿಯುವುದರೊಳಗೆ ಬಂತು. ಧರ್ಮಕ್ಕೆ ಅಷ್ಟು ಹೊತ್ತು ಹಿಡಿಯಿತು. ನಿಮ್ಮ ಇಲಾಖೆಗೆ ಐದು ತಿಂಗಳು ಸಾಲದಾಗಿದೆ.

ಐದು ತಿಂಗಳ ಲೆಕ್ಕ ಹೀಗೆ. ಅಕ್ಟೋಬರದಲ್ಲಿ ನಾನು ತಮ್ಮ ಕಚೇರಿಗೆ ಮೊದಲ ಅರ್ಜಿ ಬರೆದೆ: ಇಂಥ ಶಸ್ತ್ರಕ್ರಿಯೆಯಾದ ಹೆಂಗಸರಿಗೆ ಕೂದಲು ತೆಗೆಯುವ ವಿಷಯ ತಿಳಿಸಿ ಹೇಳಿ ಮನೆಗೆ ಕಳಿಸಿ ಎಂದು. ಉತ್ತರ ಬರಲಿಲ್ಲ, ಮನುಷ್ಯನೇ ಬಂದ. ಬೆನ್ನ ಮೇಲೆ ಪಂಪು ಹೊತ್ತಿದ್ದ. ‘ಬಾತ ತೋಳು’ ಎಂಬ ಎರಡು ಶಬ್ದ ಓದಿದ ಯಾರೋ ಪುಣ್ಯಾತ್ಮರು ಅರ್ಜಿಯನ್ನು ಆನೆಕಾಲು ರೋಗದ ಶಾಖೆಗೆ ಕಳಿಸಿದ್ದರು. ಅಲ್ಲಿಂದ ಸೊಳ್ಳೆಯ ಶಾಖೆಗೆ ಹೋಗಿತ್ತು. ಆತ ನಮ್ಮ ಮನೆಯ ಮೂಲೆಮೂಲೆಗೆ ಔಷಧ ಹೊಡೆದು, ಹೊಸದಾಗಿ ಬಂದ ಬಳೆಗಳ ಮೇಲೆಲ್ಲ ಬಿಳಿ ಪುಡಿ ಕೂರಿಸಿ, ಬಾಗಿಲ ಮೇಲೆ ನಂಬರು ಬರೆದು, ನನ್ನ ಸಹಿ ತೆಗೆದುಕೊಂಡು ಹೋದ. ನಮ್ಮ ಮನೆಯಲ್ಲಿ ಈಗ ಸೊಳ್ಳೆಯಿಲ್ಲ. ಬಲಗೈಯೂ ಇಲ್ಲ. ಕಡತದಲ್ಲಿ ಮಾತ್ರ ‘ಕ್ರಮ ಕೈಗೊಳ್ಳಲಾಗಿದೆ’ ಎಂದಿದೆಯಂತೆ.

ನವೆಂಬರದಲ್ಲಿ ನಾನೇ ಬಂದೆ. ತಮ್ಮ ದರ್ಶನ ಸಿಗಲಿಲ್ಲ. ತಮ್ಮ ಕೈಕೆಳಗಿನವರೊಬ್ಬರು ಸಿಕ್ಕರು. ನಾನು ‘ಕಂಕುಳು’ ಎಂದ ಕೂಡಲೇ ಅವರು ಎದ್ದು ಬಾಗಿಲು ಮುಚ್ಚಲು ಹೋದರು. ಬಾಗಿಲು ಮುಚ್ಚಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಹೊಳೆದು ಅರ್ಧ ತೆರೆದರು. ಹಾಗೆ ಬಾಗಿಲ ಹಿಡಿಕೆ ಹಿಡಿದುಕೊಂಡೇ ಅಪ್ಪಣೆ ಕೊಡಿಸಿದರು: “ನೋಡಬೇ ತಂಗಿ, ಇದು ನಿಮ್ಮ ಮಂದಿ ಪದ್ಧತಿ. ಇದಕ್ಕ ದವಾಖಾನಿ ಏನ ಮಾಡಬೇಕು?”

ಮಾನ್ಯರೇ, ಈ ವಾದವನ್ನು ನಾನು ಬಸ್ಸಿನಲ್ಲಿ ಮನೆ ತಲುಪುವ ತನಕ ಗೌರವದಿಂದ ಪರಿಶೀಲಿಸಿದೆ; ಉತ್ತರ ಮುಂದಿನ ತಿಂಗಳು ತಾನಾಗಿ ಮನೆಗೆ ಬಂತು. ಅಮ್ಮನ ಪಕ್ಕದ ಮಂಚದಲ್ಲಿ ಇದೇ ಶಸ್ತ್ರಕ್ರಿಯೆಯಾಗಿ ಮಲಗಿದ್ದವಳು ನಾಲತವಾಡದ ಶಂಕ್ರೆವ್ವ. ಅವರ ಮನೆಯಲ್ಲಿ ಕಂಕುಳಿನ ಕೂದಲಿಗೆ ಯಾರೂ ಕೈ ಹಚ್ಚುವುದಿಲ್ಲ, ಆದ್ದರಿಂದ ಅವಳ ತೋಳು ಚೆನ್ನಾಗಿದೆ. ಡಿಸೆಂಬರದಲ್ಲಿ ಅಮ್ಮನನ್ನು ನೋಡಲು ಬಂದಿದ್ದಳು. ಅದೇ ಬೆಳಿಗ್ಗೆ ಹೊಲದಲ್ಲಿ ಹತ್ತಿ ಬಿಡಿಸಿ ಬಂದಿದ್ದಳು. ಶಸ್ತ್ರಕ್ರಿಯೆಯಾದ ಬದಿಯ ಕೈತುಂಬ ಹತ್ತಿಕಾಯಿಯ ಮುಳ್ಳಿನ ಗೀರು. ಅಮ್ಮನ ತೋಳು ನೋಡಿದ ಮೇಲೆ ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ನನಗೂ ಯಾರೂ ಹೇಳಿಲ್ಲಲ್ಲ ಅಬಿದಾ,” ಎಂದಳು. ಹತ್ತಿ ಬಿಡಿಸುವುದು ಯಾವ ಮಂದಿಯ ಪದ್ಧತಿ? ಮುಳ್ಳು ಚುಚ್ಚುವ ಮೊದಲು ಜಾತಿ ಕೇಳುತ್ತದೆಯೇ, ನಿಮ್ಮ ಚೀಟಿಯ ಹಾಗೆ? ಹಾಗೂ, ಪದ್ಧತಿ ನಮ್ಮದೆಂದೇ ಇಟ್ಟುಕೊಳ್ಳಿ, ಬೋಳಿಸುವ ಬ್ಲೇಡು ಹಿಡಿದು ಮೊದಲು ಬಂದವರು ಯಾರು?

ಇನ್ನು ಒಂದು ತಪ್ಪೊಪ್ಪಿಗೆ. ಜನವರಿ ತಿಂಗಳಲ್ಲಿ ನಿಮ್ಮ ಹೆಂಗಸರ ವಾರ್ಡಿನ ಗೋಡೆಯ ಮೇಲೆ ಒಂದು ಸುತ್ತೋಲೆ ಅಂಟಿಸಲಾಗಿತ್ತು. ಅದನ್ನು ಅಂಟಿಸಿದ ಕಿಡಿಗೇಡಿ ಯಾರೆಂದು ವಿಚಾರಣೆ ನಡೆದಿದೆಯೆಂದು ಕೇಳಿದೆ. ವಿಚಾರಣೆ ನಿಲ್ಲಿಸಿ, ನಾನೇ. ಅಮ್ಮನನ್ನು ತಪಾಸಣೆಗೆ ಕರೆತಂದ ದಿನ ಅಂಟಿಸಿದೆ. ನೇರಳೆ ಶಾಯಿಯೂ ನನ್ನದೇ. ದುಂಡನೆಯ ಮೊಹರು ಬೇಕಾದ್ದರಿಂದ ಕೂಸಿನ ಬಳೆಯೊಂದನ್ನು ಶಾಯಿಯಲ್ಲಿ ಅದ್ದಿ ಒತ್ತಿದೆ, ನಿಮ್ಮದಕ್ಕಿಂತ ಚೆನ್ನಾಗಿ ಮೂಡಿತ್ತು. ನಾಲ್ಕು ದಿನ ಅದು ಗೋಡೆಯ ಮೇಲಿತ್ತು. ಐದನೇ ದಿನ, ಕಾಗದಕ್ಕೆ ಹೊರಹೋಗುವ ಜಾವಕ ನಂಬರಿಲ್ಲವೆಂಬುದು ನಿಮ್ಮವರ ಕಣ್ಣಿಗೆ ಬಿದ್ದು ಹರಿದು ಹಾಕಿದರು. ಹರಿದ ಕಾಗದದ ಮಾತು ಇಲ್ಲಿದೆ. ಖೊಟ್ಟಿಯೆಂದು ಹರಿದಿರಲ್ಲ, ಇದರಲ್ಲಿ ಸುಳ್ಳು ಯಾವ ಸಾಲು ಎಂದು ಗೆರೆ ಎಳೆದು ತೋರಿಸಿ:

“ಎದೆಯ ಶಸ್ತ್ರಕ್ರಿಯೆಯಾದ ಸಮಸ್ತ ಮಹಿಳೆಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶಸ್ತ್ರಕ್ರಿಯೆಯಾದ ಬದಿಯ ಕಂಕುಳಿಗೆ ಬ್ಲೇಡು ಮುಟ್ಟಿಸತಕ್ಕದ್ದಲ್ಲ. ಬೂದಿ ಹಚ್ಚಿ ಕೀಳತಕ್ಕದ್ದಲ್ಲ. ಕೂದಲುದುರಿಸುವ ಪುಡಿ ಹಚ್ಚಿ ಚರ್ಮ ಸುಟ್ಟುಕೊಳ್ಳತಕ್ಕದ್ದಲ್ಲ. ಗಾಯ ಪೂರ್ತಿ ಮಾಯುವ ತನಕ ಇದ್ದಂತೆಯೇ ಬಿಡತಕ್ಕದ್ದು. ಕಂಕುಳಿನ ಕೂದಲಿನಿಂದ ಯಾರೂ ಸತ್ತ ದಾಖಲೆ ಈ ಕಚೇರಿಯಲ್ಲಿಲ್ಲ. ಬಿಡಲಾಗದವರು ಡಾಕ್ಟರರನ್ನು ಕೇಳಿಕೊಂಡು, ಮೊಂಡು ತುದಿಯ ಸಣ್ಣ ಕತ್ತರಿಯನ್ನು ನೀರಿನಲ್ಲಿ ಕುದಿಸಿ, ಹಗಲು ಬೆಳಕಿನಲ್ಲಿ, ಕನ್ನಡಿಯ ಮುಂದೆ ಅಥವಾ ಮಗಳ ಕೈಯಿಂದ, ಚರ್ಮಕ್ಕೆ ತಾಗದಂತೆ ಮೇಲಷ್ಟೇ ಕತ್ತರಿಸತಕ್ಕದ್ದು. ಅಲ್ಲಿ ನೋವು ತಿಳಿಯುವುದಿಲ್ಲ, ಕಣ್ಣನ್ನೇ ನಂಬತಕ್ಕದ್ದು. ಆ ಕೈಗೆ ಸೂಜಿ ಚುಚ್ಚಗೊಡತಕ್ಕದ್ದಲ್ಲ, ಬಿಗಿಯಾದ ಬಳೆ ತೊಡತಕ್ಕದ್ದಲ್ಲ. ಎಲ್ಲಿಯಾದರೂ ಗೀರಿದರೆ ಕೂಡಲೇ ಸಾಬೂನಿನಿಂದ ತೊಳೆಯತಕ್ಕದ್ದು. ಕೆಂಪಾದರೆ, ಬಿಸಿಯಾದರೆ, ಬಾತರೆ, ಚಳಿಜ್ವರ ಬಂದರೆ, ಹಬ್ಬವಿರಲಿ ಸಂತೆಯಿರಲಿ, ಅದೇ ದಿನ ದವಾಖಾನೆಗೆ ಬರತಕ್ಕದ್ದು.”

ಇದನ್ನೇ ಕನ್ನಡದಲ್ಲಿ, ಉರ್ದುವಿನಲ್ಲಿ ಅಚ್ಚು ಹಾಕಿಸಿ ಕೊಡಿ ಎಂದು ಬೇಡಲು ಈ ಪತ್ರ ಶುರು ಮಾಡಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಮನಸ್ಸು ತಿರುಗಿಸಿದಳು. ವಾರ್ಡಿನಲ್ಲಿ ಮಲಗಿದವರಲ್ಲಿ ಓದು ಬರುವವರು ಎಷ್ಟು ಮಂದಿ ಎಂದು ಕೇಳಿದಳು. ನಾನು ಶಾಯಿ, ಮೊಹರು, ‘ತಕ್ಕದ್ದು’ಗಳ ಸಂಭ್ರಮದಲ್ಲಿ ಅದನ್ನು ಯೋಚಿಸಿರಲಿಲ್ಲ.

ಹೋದ ಗುರುವಾರ ಅವಳೇ ಹೊರಟಳು, ನಾನು ಜೊತೆಗೆ. ವಾರ್ಡಿನ ಮೂಲೆಯ ಮಂಚದಲ್ಲಿ ಝಳಕಿಯ ಹೊನ್ನವ್ವ ಎಂಬಾಕೆ ಇದ್ದಾಳೆ. ಎಡ ಎದೆ ತೆಗೆದು ಹತ್ತು ದಿನವಾಗಿದೆ, ಬರುವ ಬುಧವಾರ ಮನೆಗೆ ಬಿಡುತ್ತಾರೆ. ಅಮ್ಮ ಅವಳ ಪಕ್ಕ ಕುಳಿತು, ಯಾವ ಪೀಠಿಕೆಯೂ ಇಲ್ಲದೆ ಸೆರಗು ಸರಿಸಿ, ತನ್ನ ಬಲತೋಳನ್ನು ಎಡಗೈಯಿಂದ ಎತ್ತಿ ಅವಳ ತೊಡೆಯ ಮೇಲೆ ಇಟ್ಟಳು. ಕೂಸನ್ನು ಇಡುವ ಹಾಗೆ. ಹೊನ್ನವ್ವ ಅದನ್ನು ಮುಟ್ಟಿ ನೋಡಿದಳು. ಬೆರಳು ಒತ್ತಿದಲ್ಲಿ ಕುಣಿ ಬಿದ್ದು ಹಾಗೇ ಉಳಿಯಿತು. ಆಚೀಚಿನ ಮಂಚದವರೂ ಎದ್ದು ಬಂದರು. ಅಮ್ಮ ಬ್ಲೇಡಿನ ಕತೆ ಹೇಳಿದಳು. ನಾಚುವವಳಲ್ಲ, ಮೂವತ್ತು ವರ್ಷ ಹೆಂಗಸರ ಕೈ ಹಿಡಿದು ಮಾತಾಡಿಸುತ್ತ ಬಂದವಳು. ಒಬ್ಬಳಂತೂ, ಕೂದಲ ಬಿಟ್ರ ನನ್ನ ಗಂಡ ಏನಂತಾನೋ ಎಂದಳು. ಅವನ ಕಂಕುಳ ಒಮ್ಮೆ ಮೂಸಿ ನೋಡಿ ಆಮೇಲೆ ಕೇಳು ಎಂದು ಅಮ್ಮ ಹೇಳಿದಾಗ ಹೊಲಿಗೆ ಹಿಡಿದುಕೊಂಡು ನಕ್ಕರು. ಆ ವಾರ್ಡಿನಲ್ಲಿ ನಗು ಕೇಳಿದ್ದು ನನಗೆ ಅದೇ ಮೊದಲು.

ನಗು ಕೇಳಿ ಕಾವಲುಗಾರ ಸೋಮನಿಂಗ ಬಂದ. ಭೆಟ್ಟಿಯ ವೇಳೆ ಮುಗಿದಿದೆ, ಮೇಲಿನವರ ಹುಕುಮಿಲ್ಲದೆ ಇಲ್ಲಿ ಭಾಷಣ ಮಾಡುವಂತಿಲ್ಲ, ಹಿಂದೆ ಯಾರೋ ಕಾಗದ ಅಂಟಿಸಿ ತನಗೆ ಮೆಮೊ ಬಂದಿದೆ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಆ ಮೆಮೊ ನನ್ನಿಂದ ಬಂದದ್ದು. ದಯವಿಟ್ಟು ಅದನ್ನು ನನ್ನ ಹೆಸರಿಗೆ ಬದಲಾಯಿಸಿ. ಅಮ್ಮ ತೋಳನ್ನು ಮತ್ತೆ ಎತ್ತಿಕೊಂಡು ನಿಂತಳು.

“ಕಾಗದ ಹರದ್ರಿ, ಹೋಗ್ಲಿ,” ಎಂದಳು. “ಈ ತೋಳ ಏನ ಮಾಡ್ತೀರಿ?”

ಸೋಮನಿಂಗ ನೆಲ ನೋಡಿದ. ಆದರೂ ಹೊರಗೆ ಹಾಕಿದ; ಅವನಿಗೆ ಬೇರೆ ದಾರಿಯಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಬದಲಾಗಿದೆ. ಪರಿಹಾರ ಬೇಡ. ತಮ್ಮ ಕ್ಷಮೆಯೂ ಬೇಡ, ಅದು ಯಾವ ಶಾಖೆಯಿಂದ ಯಾವ ಶಾಖೆಗೆ ಹೋಗಿ ಯಾವ ಪಂಪು ಹೊತ್ತುಕೊಂಡು ಬಂದೀತೋ. ಚೀಟಿ ಅಚ್ಚು ಹಾಕಿಸುವುದನ್ನು ತಮ್ಮ ಸಮಯ ನೋಡಿ ಮಾಡಿ. ಈಗ ಬೇಕಾದದ್ದು ಒಂದು ಪರವಾನಗಿ: ಅಬಿದಾ ಫಕೀರಸಾಬ ಮಣಿಯಾರ ಎಂಬ ಹೆಂಗಸು ವಾರಕ್ಕೊಮ್ಮೆ ಅರ್ಧ ಗಂಟೆ ಹೆಂಗಸರ ವಾರ್ಡಿನಲ್ಲಿ ಕುಳಿತು ಮಾತಾಡಬಹುದು ಎಂದು, ತಮ್ಮ ಸಹಿ, ತಮ್ಮ ನಿಜವಾದ ಮೊಹರಿನೊಂದಿಗೆ. ಅವಳು ಬುಟ್ಟಿ ತರುವುದಿಲ್ಲ, ಬಳೆ ಮಾರುವುದಿಲ್ಲ, ಸಂಬಳ ಕೇಳುವುದಿಲ್ಲ. ಅವಳಿಂದ ಆಗಬಾರದೆಂದರೆ ಬೋಳಿಸಲು ಕಳಿಸುವ ಅದೇ ಆಯಾಳಿಗೆ ಹೇಳಿಕೊಡಿ, ಅವಳು ಹೇಳಲಿ. ಅವಳಿಂದಲೂ ಆಗದೆಂದರೆ ತಾವೇ ಖುರ್ಚಿಯಿಂದ ಎದ್ದು ಬಂದು ಹೇಳಿ. ಮೊದಲ ಸಲ ‘ಕಂಕುಳು’ ಎನ್ನಲು ಕಷ್ಟವಾಗುತ್ತದೆ, ಎರಡನೇ ಸಲ ಆಗುವುದಿಲ್ಲ, ನನ್ನ ಅನುಭವ.

ತಡ ಮಾಡಬೇಡಿ. ಸೋಮನಿಂಗ ಬಂದಾಗ ಅಮ್ಮ ಅರ್ಧ ಮಾತ್ರ ಹೇಳಿ ಮುಗಿಸಿದ್ದಳು. ಬ್ಲೇಡು ಮುಟ್ಟಬಾರದೆಂಬುದು ಹೊನ್ನವ್ವನಿಗೆ ಗೊತ್ತಾಗಿದೆ. ಗೀರಿದರೆ ಏನು ಮಾಡಬೇಕು, ಜ್ವರ ಬಂದರೆ ಎಷ್ಟು ಬೇಗ ಬರಬೇಕು, ಇದು ಅವಳಿಗೆ ಗೊತ್ತಿಲ್ಲ. ಬುಧವಾರ ಬೆಳಿಗ್ಗೆ ಅವಳ ಗಂಡ ಕರೆದೊಯ್ಯಲು ಬರುತ್ತಾನೆ. ಅಷ್ಟರೊಳಗೆ ಉಳಿದ ಅರ್ಧವನ್ನು ಯಾರಾದರೂ ಅವಳಿಗೆ ಹೇಳಿ.

ಇಂತಿ, ಕ್ರಮ ಕೈಗೊಳ್ಳಲಾದ ಮನೆಯಿಂದ,
ಖೊಟ್ಟಿ ಮೊಹರಿನ ಅಪರಾಧಿ, ಅಮ್ಮನ ಕೈ ಎತ್ತಿ ಹಿಡಿದು ನಿಂತರೂ ಏನನ್ನೂ ಕೇಳದಿದ್ದ ಮಗಳು,
ಸಗೀರಾ ಮಣಿಯಾರ
ಬಸವನ ಬಾಗೇವಾಡಿ, ಫೆಬ್ರುವರಿ ೧೯೭೮